ಹಳದಿ ವಯರು, ಕೆಂಪು ವಯರು: ಕಾರಿನ ಸ್ಟೀರಿಯೊವನ್ನು ಎರಡನೆಯ ಸಲ ಕೂರಿಸಿಕೊಂಡ ಅನುಭವ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಲ್ಲಿ ಸೀತಾಂಗೋಳಿ ದಾಟಿದ ಮೇಲೆ ಸಿಗುವ ಒಂದು ಚಿಕ್ಕ ಅಂಗಡಿಯಲ್ಲಿ, ನನ್ನ ಹಳೆಯ ವ್ಯಾಗನ್ ಆರ್ ಕಾರಿನ ಸ್ಟೀರಿಯೊವನ್ನು ಪೂರ್ತಿ ಬಿಚ್ಚಿಸಿ, ವಯರಿಂಗನ್ನು ಹೊಸದಾಗಿ ಮಾಡಿಸಿಕೊಂಡು ಬಂದು ಒಂದು ತಿಂಗಳಾಯಿತು. ಒಂದು ತಿಂಗಳು ಕಾದು ಬರೆಯುತ್ತಿರುವುದಕ್ಕೆ ಕಾರಣವಿದೆ: ಇಂಥ ಕೆಲಸದ ಗುಣ ಅಂಗಡಿಯಿಂದ ಹೊರಡುವಾಗ ತಿಳಿಯುವುದಿಲ್ಲ, ಕಾರು ನಾಲ್ಕು ದಿನ ಅಂಗಳದಲ್ಲಿ ನಿಂತ ಮೇಲೆ ತಿಳಿಯುತ್ತದೆ. ಅಂಗಡಿಯ ಹೆಸರು ಹಾಕುವುದು ಬೇಡವೆಂದು ಅವರೇ ಹೇಳಿದರು. ಈಗ ಬರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಮೊದಲ ಸಲ ಸೆಟ್ ಕೂರಿಸಿದ ಅಂಗಡಿಯ ಹೆಸರನ್ನು ನಾನೇ ಹಾಕುವುದಿಲ್ಲ.

ಆ ಮೊದಲ ಅಂಗಡಿಯಲ್ಲಿ ಏಳು ಇಂಚಿನ ಟಚ್ ಪರದೆಯ ಸೆಟ್ಟನ್ನು 7,500 ರೂಪಾಯಿಗೆ ಕೊಂಡಿದ್ದೆ. ಫಿಟ್ಟಿಂಗ್ ಉಚಿತ, ನಲವತ್ತು ನಿಮಿಷದಲ್ಲಿ ಕೆಲಸ ಮುಗಿದಿತ್ತು. ಕೀಲಿ ತೆಗೆದರೂ ಸೆಟ್ ಆರುತ್ತಿರಲಿಲ್ಲ, ಬಟನ್ ಒತ್ತಿ ಆರಿಸಬೇಕಿತ್ತು. ಕೇಳಿದಾಗ, ಅದು ಸೌಕರ್ಯಕ್ಕಾಗಿ, ಕಾರು ನಿಲ್ಲಿಸಿದ ಮೇಲೂ ಪದ್ಯ ಕೇಳಬಹುದಲ್ಲ ಎಂಬ ಉತ್ತರ ಬಂತು. ನಾನೂ ಸರಿಯೆಂದು ಒಪ್ಪಿದೆ. ಆ ಬಳಿಕ ಎರಡು ದಿನ ಕಾರು ತೆಗೆಯದಿದ್ದರೆ ಮೂರನೆಯ ದಿನ ಸೆಲ್ಫ್ ಹೊಡೆಯದೆ ಟಕ್ ಟಕ್ ಎನ್ನುವುದು, ನೆರೆಮನೆಯವರನ್ನು ಕರೆದು ತಳ್ಳಿಸುವುದು ವಾಡಿಕೆಯಾಯಿತು. ಬ್ಯಾಟರಿ ಹಳತಾಯಿತೆಂದು ಭಾವಿಸಿ ಹೊಸತನ್ನು ಹಾಕಿಸಿದೆ. ಹೊಸ ಬ್ಯಾಟರಿಯೂ ಹಾಗೆಯೇ ಬರಿದಾದಾಗ ಗೆಳೆಯರೊಬ್ಬರು ಈ ಅಂಗಡಿಯನ್ನು ತೋರಿಸಿದರು.

ಇಲ್ಲಿನ ಮೆಕ್ಯಾನಿಕ್ ಸೆಟ್ಟಿಗೆ ಕೈ ಹಾಕುವ ಮೊದಲು ಬಾನೆಟ್ ತೆರೆದರು. ಕೀಲಿ ತೆಗೆದು, ಬಾಗಿಲುಗಳನ್ನು ಮುಚ್ಚಿಸಿ, ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಿ, ಆ ತಂತಿಗೂ ಬ್ಯಾಟರಿಗೂ ನಡುವೆ ಮಲ್ಟಿಮೀಟರ್ ಹಿಡಿದರು. ಮೀಟರು 0.6 ಆಂಪಿಯರ್ ತೋರಿಸಿತು. ನಿಂತ ಕಾರಿನಲ್ಲಿ ಗಡಿಯಾರ, ಲಾಕು ಮುಂತಾದವುಗಳಿಗೆ ಅಲ್ಪಸ್ವಲ್ಪ ಕರೆಂಟು ಹೋಗುತ್ತಲೇ ಇರುತ್ತದೆ, ಆದರೆ ಅದು 0.05 ಆಂಪಿಯರ್ ದಾಟಬಾರದು ಎಂದು ವಿವರಿಸಿದರು. ಲೆಕ್ಕ ಹಾಕುವ ಚಟ ಇನ್ನೂ ಬಿಡದ ಹಳೆಯ ಮಾಷ್ಟ್ರಾದ ನಾನು ಅಲ್ಲಿಯೇ ಮನಸ್ಸಿನಲ್ಲಿ ಗುಣಿಸಿದೆ: ಗಂಟೆಗೆ 0.6ರಂತೆ ದಿನಕ್ಕೆ 14.4 ಆಂಪಿಯರ್-ಗಂಟೆ ಖರ್ಚು, ನನ್ನ ಬ್ಯಾಟರಿಯ ಒಟ್ಟು ಶಕ್ತಿ 35, ಅಂದರೆ ಎರಡೂವರೆ ದಿನದೊಳಗೆ ಪೂರ್ತಿ ಬರಿದು. ಸ್ಟಾರ್ಟರ್ ಮೋಟಾರಿಗೆ ಬೇಕಾದ ಬಲ ಅದಕ್ಕೂ ಬಹಳ ಮೊದಲೇ ಹೋಗಿರುತ್ತದೆ.

“ಮಾಷ್ಟ್ರೇ, ಬ್ಯಾಟರಿ ಹಾಳಾದದ್ದಲ್ಲ. ನಿಮ್ಮ ಸೆಟ್ಟಿಗೆ ರಾತ್ರಿ ನಿದ್ದೆಯೇ ಇಲ್ಲ,” ಎಂದರು ಅವರು.

ಸೆಟ್ಟನ್ನು ಹೊರಗೆಳೆದಾಗ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಈ ಸೆಟ್ಟುಗಳನ್ನು ಕೊಳ್ಳುವ ನಮ್ಮಲ್ಲಿ ಹೆಚ್ಚಿನವರು ಅವುಗಳ ಬೆನ್ನನ್ನು ಒಮ್ಮೆಯೂ ನೋಡಿರುವುದಿಲ್ಲ. ಹೊರಗಿನಿಂದ ಕೊಂಡು ಹಾಕುವ ಸೆಟ್ಟಿನ ಹಿಂದೆ ಬರುವ ವಯರುಗಳಲ್ಲಿ ಹಳದಿ ಬಣ್ಣದ್ದು ಸದಾ ಬ್ಯಾಟರಿಗೆ ಸೇರಿರಬೇಕಾದದ್ದು. ಗಡಿಯಾರ, ಹಿಡಿದಿಟ್ಟ ಸ್ಟೇಷನ್‌ಗಳು ಮುಂತಾದ ನೆನಪೆಲ್ಲ ಅದರ ಬಲದಿಂದ ಉಳಿಯುತ್ತದೆ. ಕೆಂಪು ಬಣ್ಣದ್ದು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ತಂತಿಗೆ ಸೇರಬೇಕು. ಸೆಟ್ ಎಚ್ಚರವಾಗುವುದೂ ಮಲಗುವುದೂ ಅದರ ಆಜ್ಞೆಯಂತೆ. ಕಪ್ಪು ಅರ್ತಿಗೆ, ಅಂದರೆ ಕಾರಿನ ಲೋಹದ ಮೈಗೆ. ನನ್ನ ಕಾರಿನಲ್ಲಿ ಹಳದಿ ಮತ್ತು ಕೆಂಪು ಎರಡನ್ನೂ ಒಟ್ಟಿಗೆ ಹೆಣೆದು ಬ್ಯಾಟರಿಯ ತಂತಿಗೇ ಸುತ್ತಿದ್ದರು. ಬಟನ್ ಒತ್ತಿದಾಗ ಆರುತ್ತಿದ್ದದ್ದು ಪರದೆ ಮಾತ್ರ, ಒಳಗಿನ ಯಂತ್ರವಲ್ಲ. ಇದಕ್ಕಿಂತ ಗಾಬರಿ ಹುಟ್ಟಿಸಿದ್ದು ಇನ್ನೊಂದು: ಹಳದಿ ವಯರಿನಲ್ಲಿ ಇರಬೇಕಾದ ಫ್ಯೂಸಿನ ಪುಟ್ಟ ಡಬ್ಬಿಯನ್ನು ಕತ್ತರಿಸಿ ತೆಗೆದು, ತುದಿಗಳನ್ನು ನೇರವಾಗಿ ತಿರುಚಿ ಕಪ್ಪು ಟೇಪು ಸುತ್ತಿದ್ದರು. ನಮ್ಮ ಕರಾವಳಿಯ ಸೆಕೆಗೂ ಮಳೆಗಾಲದ ತೇವಕ್ಕೂ ಆ ಟೇಪಿನ ಅಂಟು ಕರಗಿ ಜಾರಿ, ಒಂದು ಕಡೆ ತಾಮ್ರದ ಎಳೆಗಳು ಹಸಿರು ಹಿಡಿದು ಹೊರಗೆ ಇಣುಕುತ್ತಿದ್ದವು. ಲೋಹದ ಪಟ್ಟಿಗೂ ಅದಕ್ಕೂ ಒಂದು ಬೆರಳಿನಷ್ಟೂ ಅಂತರವಿರಲಿಲ್ಲ.

ಕಾರಿನ ಮೂಲ ಕಪ್ಲರನ್ನೂ (ವಯರುಗಳ ತುದಿಗಳನ್ನು ಒಟ್ಟಿಗೆ ಸೇರಿಸುವ ಪ್ಲಾಸ್ಟಿಕ್ ಕೊಂಡಿ) ಕತ್ತರಿಸಿ ಹಾಕಿದ್ದರಿಂದ ಕೆಲಸ ಹೆಚ್ಚಾಯಿತು. ಈ ಕಾರಿಗೆ ಸರಿಹೊಂದುವ ಕಪ್ಲರ್ ಪೇಟೆಯಲ್ಲಿ 350 ರೂಪಾಯಿಗೆ ಸಿಗುತ್ತದೆ. ಒಂದು ತುದಿ ಕಾರಿನ ಕಪ್ಲರಿಗೆ, ಇನ್ನೊಂದು ತುದಿ ಸೆಟ್ಟಿನ ವಯರುಗಳಿಗೆ ಕೂರುತ್ತದೆ, ಕಂಪನಿಯ ಒಂದು ವಯರನ್ನೂ ಕತ್ತರಿಸಬೇಕಾಗಿಲ್ಲ. ಮೊದಲ ಅಂಗಡಿ ಉಳಿಸಿದ್ದು ಈ 350 ರೂಪಾಯಿಯನ್ನು. ಮೆಕ್ಯಾನಿಕ್ ಕತ್ತರಿಸಿದ ತಂತಿಗಳನ್ನು ಒಂದೊಂದಾಗಿ ಮೀಟರಿನಲ್ಲಿ ಪರೀಕ್ಷಿಸಿ, ಬಣ್ಣವನ್ನು ನಂಬದೆ ಕೆಲಸವನ್ನು ನೋಡಿ ಗುರುತು ಕಟ್ಟಿದರು. ಸೆಟ್ಟಿನ ವಯರುಗಳ ಬಣ್ಣಕ್ಕೂ ಕಾರಿನ ವಯರುಗಳ ಬಣ್ಣಕ್ಕೂ ತಾಳೆಯಾಗುವುದಿಲ್ಲವಂತೆ. ಪ್ರತಿ ಜೋಡಣೆಗೂ ಮೊದಲೇ ಬಿಸಿಗೆ ಕುಗ್ಗುವ ಸ್ಲೀವ್ ಎಂಬ ಪ್ಲಾಸ್ಟಿಕ್ ಕೊಳವೆ ಏರಿಸಿಟ್ಟು, ಬೆಸುಗೆ ಹಾಕಿ, ಬಿಸಿಗಾಳಿ ಬಿಟ್ಟು ಅದನ್ನು ಕುಗ್ಗಿಸಿದರು. ಹಳದಿ ವಯರಿಗೆ 10 ಆಂಪಿಯರಿನ ಫ್ಯೂಸ್ ಮರಳಿ ಬಂತು. ಕೊನೆಯಲ್ಲಿ ಮತ್ತೆ ಬಾನೆಟ್ ತೆರೆದು ಮೀಟರ್ ಹಿಡಿದಾಗ 0.03.

ಆ ಫ್ಯೂಸಿನ ನೆಪದಲ್ಲಿ ಒಂದು ಮಾತು. ಸೆಟ್ಟಿನ ಡಬ್ಬದ ಮೇಲೆ ‘4×50 ವಾಟ್’ ಎಂದು ದೊಡ್ಡದಾಗಿ ಅಚ್ಚು ಹಾಕಿದ್ದಾರೆ, ಅಂದರೆ ಒಟ್ಟು 200. ಎಂಜಿನ್ ಓಡುವಾಗ ಸಿಗುವ ಸುಮಾರು 14 ವೋಲ್ಟನ್ನು 10 ಆಂಪಿಯರಿನಿಂದ ಗುಣಿಸಿದರೆ 140 ವಾಟ್. ಸೆಟ್ಟಿನ ಒಳಕ್ಕೆ ಎಡೆಬಿಡದೆ ಹೋಗಬಹುದಾದದ್ದೇ ಅಷ್ಟು, ಅದರಲ್ಲಿಯೂ ಒಂದು ಪಾಲು ಬಿಸಿಯಾಗಿ ವ್ಯರ್ಥವಾಗುತ್ತದೆ. ಎಡೆಬಿಡದೆ ಸಿಗುವುದು ಒಂದೊಂದು ಸ್ಪೀಕರಿಗೆ ಇಪ್ಪತ್ತರ ಆಸುಪಾಸು. ಚಿಕ್ಕ ಕಾರಿಗೆ ಅದು ಧಾರಾಳವಾಗಿ ಸಾಕು, ಡಬ್ಬದ ಮೇಲಿನ ಅಂಕಿಗೆ ಹಣ ಕೊಡುವ ಅಗತ್ಯವಿಲ್ಲ.

ಇನ್ನು ಧ್ವನಿಯ ವಿಷಯ. ನನ್ನ ಪೆನ್‌ಡ್ರೈವಿನಲ್ಲಿ ಇರುವುದು ತೆಂಕುತಿಟ್ಟಿನ ಯಕ್ಷಗಾನದ ಪದ್ಯಗಳು. ಮೊದಲ ಫಿಟ್ಟಿಂಗಿನಲ್ಲಿ ಚೆಂಡೆ ಕಿವಿಗೆ ಅಪ್ಪಳಿಸುತ್ತಿತ್ತು, ಮದ್ದಳೆ ಮಾತ್ರ ರಟ್ಟಿನ ಡಬ್ಬ ಬಡಿದಂತೆ ಸೊರಗಿತ್ತು. ಸ್ಪೀಕರ್ ದುರ್ಬಲವೆಂದು ಭಾವಿಸಿ ಹೊಸ ಸ್ಪೀಕರ್ ಕೇಳಿದೆ. ಮೆಕ್ಯಾನಿಕ್ ಮಾರಲಿಲ್ಲ, ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಸೆಲ್ಲೊಂದನ್ನು ತಂದು ಸ್ಪೀಕರಿನ ತಂತಿಗಳಿಗೆ ಒಂದು ಕ್ಷಣ ಮುಟ್ಟಿಸಿದರು. ಪ್ಲಸ್ಸಿಗೆ ಪ್ಲಸ್ ಮುಟ್ಟಿದಾಗ ಸ್ಪೀಕರಿನ ಕಾಗದ ಮುಂದಕ್ಕೆ ಉಬ್ಬಬೇಕು. ಮುಂದಿನ ಎಡಗಡೆಯದ್ದು ಹಿಂದಕ್ಕೆ ಸರಿಯಿತು. ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆಯುತ್ತಿದ್ದುದರಿಂದ ತಗ್ಗಿನ ನಾದವೆಲ್ಲ ಪರಸ್ಪರ ಕಳೆದುಹೋಗುತ್ತಿತ್ತು. ಎರಡು ತಂತಿಗಳನ್ನು ಅದಲು ಬದಲು ಮಾಡಿದಾಗ ಮದ್ದಳೆ ಮರಳಿ ಬಂತು, ಖರ್ಚು ಸೊನ್ನೆ. ಸ್ಪೀಕರಿನ ಮೈನಸ್ ತಂತಿಯನ್ನು ಅರ್ತಿಗೆ ಕೊಟ್ಟರೆ ಇಂದಿನ ಸೆಟ್ಟುಗಳ ಆಂಪ್ಲಿಫೈಯರ್ ಸುಟ್ಟುಹೋಗಬಹುದೆಂದು, ಅಂಥ ಎರಡು ಸೆಟ್ಟುಗಳನ್ನು ಮೂಲೆಯ ರಾಶಿಯಿಂದ ಎತ್ತಿ ತೋರಿಸಿದರು.

ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುತ್ತಿದ್ದ ‘ಕುಂಯ್’ ಎಂಬ ಸದ್ದು ಕೆಟ್ಟ ಅರ್ತಿನದು. ಬಣ್ಣ ಬಳಿದ ಪಟ್ಟಿಯ ಸ್ಕ್ರೂವಿಗೆ ಕಪ್ಪು ವಯರನ್ನು ಸುತ್ತಿದ್ದರು. ಬಣ್ಣ ಕೆರೆದು ಬರಿಯ ಲೋಹಕ್ಕೆ ಬಿಗಿದಾಗ ನಿಂತಿತು.

ಒಂದು ವಿಷಯದಲ್ಲಿ ಅವರು ಖಡಾಖಂಡಿತವಾಗಿ ಒಪ್ಪಲಿಲ್ಲ. ಸೆಟ್ಟಿನಲ್ಲಿ ಹ್ಯಾಂಡ್‌ಬ್ರೇಕಿಗೆ ಸೇರಬೇಕಾದ ತಂತಿಯೊಂದಿದೆ. ಬ್ರೇಕ್ ಎಳೆದಿದ್ದಾಗ ಮಾತ್ರ ವಿಡಿಯೊ ತೋರಿಸಲೆಂದು ಅದು ಇರುವುದು. ಮೊದಲ ಅಂಗಡಿ ಅದನ್ನು ನೇರ ಅರ್ತಿಗೆ ಕೊಟ್ಟು, ಓಡುವಾಗಲೂ ವಿಡಿಯೊ ಬರುವಂತೆ ಮಾಡಿತ್ತು. ಮೊಮ್ಮಕ್ಕಳ ಪರವಾಗಿ ನಾನು ಹಾಗೆಯೇ ಇರಲಿ ಎಂದೆ. “ಬೇಡ ಮಾಷ್ಟ್ರೇ, ಹೈವೇಯಲ್ಲಿ ನಿಮ್ಮ ಕಣ್ಣೂ ಅದಕ್ಕೇ ಹೋಗ್ತದೆ,” ಎಂದು ಹೇಳಿ ಬ್ರೇಕಿನ ಸ್ವಿಚ್ಚಿಗೆ ಸೇರಿಸಿಯೇ ಬಿಟ್ಟರು. ಗಿರಾಕಿಯ ಮಾತು ಮೀರುವ ಈ ಬಗೆಯ ಅಂಗಡಿಯವರು ನನಗೆ ಇಷ್ಟ, ಮೊಮ್ಮಕ್ಕಳಿಗೆ ಅಲ್ಲ.

ದೂರುಗಳೂ ಇವೆ. ಒಂದೂವರೆ ಗಂಟೆಯೆಂದು ಹೇಳಿದ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ಕುಳಿತುಕೊಳ್ಳಲು ಇದ್ದದ್ದು ಒಂದು ಹಳೆಯ ಟೈರು. ಆಂಟೆನಾದ ಜಾಕನ್ನು ಪರೀಕ್ಷಿಸಲು ಮರೆತಿದ್ದರು. ಮನೆಗೆ ಬಂದು ಮಂಗಳೂರು ಆಕಾಶವಾಣಿಯ 100.3 ಹಾಕಿದರೆ ಬರಿಯ ಸರ ಸರ ಸದ್ದು, ಕಣ್ಣೂರಿನ 101.5 ಕೂಡ ಇಲ್ಲ. ಮರುದಿನ ಮತ್ತೆ ಹೋದಾಗ ಅರ್ಧ ಮಾತ್ರ ಒಳಗೆ ಹೋಗಿದ್ದ ಜಾಕನ್ನು ಒತ್ತಿ ಕೂರಿಸಿದರು, ಹಣ ಕೇಳಲಿಲ್ಲ. ಈಗ ಮಂಗಳೂರು ಸ್ಟೇಷನ್ ಕುಂಬಳೆಯಿಂದ ನೀರ್ಚಾಲಿನವರೆಗೆ ಸ್ಪಷ್ಟ, ಬದಿಯಡ್ಕ ದಾಟಿ ಗುಡ್ಡಗಳ ನಡುವೆ ಇಳಿದರೆ ಮಸುಕು. ಅದೇ ರಸ್ತೆಯಲ್ಲಿ ಹಳೆಯ ಕ್ಯಾಸೆಟ್ ಸೆಟ್ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತಿತ್ತು, ಆದ್ದರಿಂದ ಈ ಕೊರತೆಯನ್ನು ಮೆಕ್ಯಾನಿಕ್ ಮೇಲೆ ಹಾಕದೆ ಅಗ್ಗದ ಟಚ್ ಪರದೆಯ ಸೆಟ್ಟಿನ ಮೇಲೆಯೇ ಹಾಕುತ್ತೇನೆ. ರೇಡಿಯೊ ಮುಖ್ಯವಾದವರು ಪರದೆಯಿಲ್ಲದ, ಬಟನ್ನುಗಳಿರುವ ಸೆಟ್ಟನ್ನು ಕೊಂಡರೆ ಒಳ್ಳೆಯದು.

ಕೂಲಿ 1,200, ಕಪ್ಲರ್ 350, ಒಟ್ಟು 1,550 ರೂಪಾಯಿ. ಬಿಲ್ ಕೇಳಿದಾಗ ಮಲಯಾಳದಲ್ಲಿ ಅಚ್ಚಾದ ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆದು ಕೊಟ್ಟರು. ಬಿಚ್ಚುವಾಗ ಡ್ಯಾಶ್‌ಬೋರ್ಡಿನ ಫ್ರೇಮಿನ ಒಂದು ಕ್ಲಿಪ್ ಮುರಿದಿದ್ದು, ಕೆಟ್ಟ ರಸ್ತೆಯಲ್ಲಿ ಅದು ಕಟಕಟ ಎನ್ನುತ್ತದೆ. ಹೊಸತನ್ನು ತರಿಸಿಕೊಡುತ್ತೇನೆಂದು ಹೇಳಿದ್ದಾರೆ. ನಾನು ಎರಡು ಸಲ ಹೋಗಿ ಕೇಳಿ ಬಂದಿದ್ದೇನೆ, ಇನ್ನೂ ಬಂದಿಲ್ಲ.