ಹೆರಿಗೆಗೆ ಸೇರುವ ಮುಂಚೆ ಇದನ್ನು ಓದಿ, ದಯವಿಟ್ಟು

ಕೋಪ ಇನ್ನೂ ಇಳಿದಿಲ್ಲ. ಬರೆದಿದ್ದು ಹಿಂದೆ ಮುಂದೆ ಆಗಿದ್ದರೆ ಹೊಂದಿಸಿಕೊಂಡು ಓದಿ.

ಸೇರುವ ಮುಂಚೆ ಆಸ್ಪತ್ರೆಯವರು ಎಷ್ಟು ಚೆನ್ನಾಗಿ ಮಾತಾಡಿದ್ದರು ಗೊತ್ತಾ? "ಹೆರಿಗೆ ಹೊತ್ತಲ್ಲಿ ನಿಮ್ಮ ಜೊತೆ ಒಬ್ಬರು ಇರಬಹುದು, ಯಾರು ಬೇಕೋ ನೀವೇ ಹೇಳಿ" ಅಂದಿದ್ದರು. ಆ ಒಂದು ಮಾತಿಗೇ ನಾವು ಅಲ್ಲಿಗೆ ಹೋಗಿದ್ದು. ನೋವು ಶುರುವಾಗಿ ಹೋದಾಗ ಅಕ್ಕನನ್ನು ಲೇಬರ್ ರೂಮಿನ ಬಾಗಿಲಲ್ಲೇ ತಡೆದರು. "ಅದು ಸ್ಪೆಷಲ್ ರೂಮಿನವರಿಗೆ ಮಾತ್ರ. ನಿಮಗೆ ಯಾರು ಹೇಳಿದ್ದು?" ಅಂತ ನಮ್ಮನ್ನೇ ಕೇಳಿದರು. ಆ ಹೊತ್ತಲ್ಲಿ ಎದ್ದು ಬೇರೆ ಆಸ್ಪತ್ರೆಗೆ ಹೋಗಲು ಆಗುತ್ತದಾ? ಆಗುವುದಿಲ್ಲ ಅಂತ ಅವರಿಗೂ ಚೆನ್ನಾಗಿ ಗೊತ್ತು.

ಒಳಗೆ ಪರದೆಯೂ ಇರಲಿಲ್ಲ. ಬಂದವರೆಲ್ಲ ಒಳಗೆ ಕೈ ಹಾಕಿ ನೋಡಿ ಹೋದರು. ಯಾರು ಅಂತ ಹೇಳಲಿಲ್ಲ, ನೋಡಬಹುದಾ ಅಂತ ಕೇಳಲಿಲ್ಲ. ಕೂಗಿದ್ದಕ್ಕೆ ತೊಡೆಗೆ ಏಟು ಬಿತ್ತು. "ಆವಾಗ ಗೊತ್ತಾಗ್ಲಿಲ್ವಾ, ಈಗ ಕೂಗ್ತೀಯಾ?" ಅಂದರು. ಬರೆಯಲು ಮುಜುಗರ ಆಗುತ್ತಿದೆ. ಆದರೂ ಬರೆಯುತ್ತೇನೆ. ಇದೇ ಮಾತು ಕೇಳಿಸಿಕೊಂಡು ಎಷ್ಟು ಹೆಂಗಸರು ನುಂಗಿಕೊಂಡಿದ್ದಾರೋ.

ಒಬ್ಬರು ಹೊಟ್ಟೆಯ ಮೇಲೆ ಭಾರ ಹಾಕಿ ಒತ್ತಿದರು. ಕೆಳಗೆ ಕೊಯ್ದಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಹೊಲಿಗೆ ಹಾಕುವಾಗ. ಇಂಜೆಕ್ಷನ್ ಕೊಡಿ, ನೋವು ತಡೆಯಲಾರೆ ಅಂದೆ. "ಎರಡೇ ಹೊಲಿಗೆ, ಸುಮ್ನೆ ಮಲಕ್ಕೋ." ಎರಡೇ ಆಗಿರಲಿಲ್ಲ.

ದೂರು ಕೊಡಲು ಹೋದರೆ ಫೈಲು ತಿರುಗಿಸಿ ನನ್ನ ಸಹಿ ತೋರಿಸಿದರು. ನೋವಿನಲ್ಲಿ ಬಗ್ಗಿ ನಿಂತಿದ್ದಾಗ "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಬೆರಳಿಟ್ಟು ಹಾಕಿಸಿಕೊಂಡ ಸಹಿ ಅದು. ಅದರಲ್ಲಿ ಏನಿದೆ ಅಂತ ಯಾರೂ ಓದಿ ಹೇಳಿರಲಿಲ್ಲ. "ಎಲ್ಲದಕ್ಕೂ ಒಪ್ಪಿದ್ದೀರಲ್ಲ ಮೇಡಂ" ಅಂದಾಗ ಮೈಯೆಲ್ಲ ಉರಿಯಿತು. ಹೊಡೆಸಿಕೊಳ್ಳುವುದಕ್ಕೂ ಒಪ್ಪಿದ್ದೀನಾ ಅಂತ ಕೇಳಿದೆ. "ಮಗು ಚೆನ್ನಾಗಿದೆ ತಾನೆ, ಇನ್ನೇನು ಬೇಕು?" ಡಾಕ್ಟರ್ ಹೇಳಿದ್ದೂ ಇದೇ, ಸಿಸ್ಟರ್ ಹೇಳಿದ್ದೂ ಇದೇ, ಆಫೀಸಿನವರು ಹೇಳಿದ್ದೂ ಇದೇ. ಮಗು ಚೆನ್ನಾಗಿದೆ. ಅದಕ್ಕೆ ನನ್ನನ್ನು ಹೊಡೆಯಬೇಕಿತ್ತಾ?

ಇವಳದ್ದು ಜಾಸ್ತಿ ಆಯಿತು ಅನ್ನುವವರಿಗೆ ಹೇಳುತ್ತೇನೆ. ಹೆರಿಗೆ ವೇಳೆ ಹೊಡೆಯುವುದು, ಬೈಯುವುದು, ಒಪ್ಪಿಗೆ ಇಲ್ಲದೆ ಕೈ ಹಾಕುವುದು ಹೆಂಗಸಿನ ಹಕ್ಕಿನ ಉಲ್ಲಂಘನೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ನನಗೆ ಆಗಿದ್ದು ಹೇಗೆ ತಪ್ಪು ಅಂತ 2018ರ ಅದರ ಶಿಫಾರಸುಗಳನ್ನು ಓದಿದರೆ ಗೊತ್ತಾಗುತ್ತದೆ. ಆಕೆ ಬಯಸಿದವರು ಜೊತೆಗಿರಬೇಕು. ಮಗು ಬೇಗ ಬರಲಿ ಅಂತ ಹೊಟ್ಟೆ ಒತ್ತಬಾರದು. ಸಹಜ ಹೆರಿಗೆಯಲ್ಲಿ ಎಲ್ಲರಿಗೂ ಕೊಯ್ಯುವ ರೂಢಿ ಬೇಡ. ತೊಂದರೆ ಏನೂ ಇಲ್ಲದಿದ್ದರೆ ಒಳಪರೀಕ್ಷೆ 4 ಗಂಟೆಗೊಮ್ಮೆ ಸಾಕು. ಆಸ್ಪತ್ರೆ ನಡೆಸುವವರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ.

ನೀವು ಸೇರುವ ಮುಂಚೆ, ಜೊತೆಗೆ ಒಬ್ಬರನ್ನು ಬಿಡುತ್ತೀರಾ, ಯಾವ ರೂಮಿನವರಿಗೆ ಬಿಡುತ್ತೀರಾ ಅಂತ ಕೇಳಿ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ, ನಾವು ನಂಬಿ ನೋಡಿದ್ದೇವೆ. ಒಪ್ಪಿಗೆ ಪತ್ರಗಳನ್ನು ನೋವು ಬರುವ ಮುಂಚೆಯೇ ಕೇಳಿ ತರಿಸಿ ಓದಿ. ಮನೆಗೆ ಹೊರಡುವಾಗ ಕೇಸ್ ಶೀಟಿನ ಪ್ರತಿ ಕೇಳಿ. ನಾನೂ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ. ದೂರನ್ನು ಮಾತ್ರ ಬರೆದು ಕೊಟ್ಟು, ನನ್ನ ಪ್ರತಿಗೆ ಸೀಲು ಹಾಕಿಸಿಕೊಂಡು ಬಂದಿದ್ದೇನೆ.