ಇನ್ನೂರು ಗಂಟೆಯ ಲೆಕ್ಕ: ಮಂಗಳೂರಿನ ಒಂದು ಪೈಲಟ್ ಗ್ರೌಂಡ್ ಕ್ಲಾಸ್

ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಮುಗಿಸಿದ ನನ್ನ ಮಗಳು ಕಳೆದ ವರ್ಷ ನಾಲ್ಕು ತಿಂಗಳು ಮಂಗಳೂರಿನ ಒಂದು ತರಬೇತಿ ಕೇಂದ್ರದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿನ ಗ್ರೌಂಡ್ ಕ್ಲಾಸಿಗೆ, ಎಂದರೆ ವಿಮಾನ ಹತ್ತುವ ಮೊದಲಿನ ತರಗತಿ ಪಾಠಕ್ಕೆ, ಹೋದಳು. ಕೇಂದ್ರದ ಹೆಸರು ಬರೆಯುವುದಿಲ್ಲ. ಕಚೇರಿಯವರ ಮಾತಿನ ಬಗ್ಗೆ ನನಗಿರುವಂಥದೇ ದೂರನ್ನು ಬೇರೆ ಕಡೆ ಮಕ್ಕಳನ್ನು ಸೇರಿಸಿದ ಪಾಲಕರಿಂದಲೂ ಕೇಳಿದ್ದೇನೆ. ಪಾಠಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕಚೇರಿಯ ಮಾತಿಗೆ ಒಂದು.

ನ್ಯಾವಿಗೇಷನ್ ಮತ್ತು ಹವಾಮಾನಶಾಸ್ತ್ರ ಕಲಿಸುವವರು ವಾಯುಪಡೆಯಿಂದ ನಿವೃತ್ತರಾದ ಹಿರಿಯರು. ಬಜಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣದ ರನ್‌ವೇಯ ಒಂದು ತುದಿಗೆ 24, ಇನ್ನೊಂದಕ್ಕೆ 06 ಎಂದು ಏಕೆ ಹೆಸರು ಎಂಬ ಪ್ರಶ್ನೆಯಿಂದ ಅವರ ಮೊದಲ ಪಾಠ ಆರಂಭವಾಯಿತು. ಅದು ದಿಕ್ಸೂಚಿಯ 240 ಮತ್ತು 60 ಡಿಗ್ರಿಗಳ ಗುರುತು; 240 ಎಂದರೆ ಸುಮಾರಾಗಿ ನೈರುತ್ಯ. ವಿಮಾನ ಆದಷ್ಟು ಗಾಳಿಗೆ ಎದುರಾಗಿಯೇ ಇಳಿಯಬೇಕಾದುದರಿಂದ, ನೈರುತ್ಯದಿಂದ ಬೀಸುವ ನಮ್ಮ ಮಳೆಗಾಲದ ಗಾಳಿಗೂ ಆ 24ಕ್ಕೂ ಇರುವ ನಂಟನ್ನು ಮಕ್ಕಳು ಅಂದೇ ಹಿಡಿದುಕೊಂಡರು. ಅರವತ್ತು ಮೈಲಿ ಹಾರಿದಾಗ ಒಂದು ಮೈಲಿ ಪಕ್ಕಕ್ಕೆ ಸರಿದಿದ್ದರೆ ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದೆ ಎಂಬ ಸೂತ್ರವನ್ನು ಮಗಳು ಊಟದ ತಟ್ಟೆಯ ಮುಂದೆ ನನಗೂ ಕಲಿಸಿದಳು. ವಿಮಾನಯಾನದ ನಿಯಮಗಳನ್ನು ಕಲಿಸುವ ಏರ್ ರೆಗ್ಯುಲೇಷನ್ ಮಾತ್ರ ಹಳೆಯ ಪ್ರಶ್ನೆಗಳ ಉರುಹೊಡೆತ. ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆಯಲ್ಲಿ ಉತ್ತೀರ್ಣರಾಗಲು ಬೇಕಾದ ಶೇಕಡಾ 70 ಅಂಕಕ್ಕೆ ಅದು ಸಾಕಾಗುತ್ತದೆ. ಶುಲ್ಕ ಕಟ್ಟುವ ಮೊದಲೇ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಆ ಹಿರಿಯರು ಹೇಳಿದ್ದು ಪ್ರಾಮಾಣಿಕ ಸಲಹೆ.

ಕಚೇರಿಯಲ್ಲಿ ಕುಳಿತ ಸಲಹೆಗಾರರ ಮಾತು ಬೇರೆಯೇ ಇತ್ತು. ‘ಇನ್ನೂರು ಗಂಟೆ ಹಾರಿದರೆ ನೇರವಾಗಿ ಏರ್‌ಲೈನ್’ ಎಂಬ ವಾಕ್ಯ ಕರಪತ್ರದಲ್ಲಿಯೂ ಇತ್ತು. ಲೈಸೆನ್ಸಿಗೆ ನಮ್ಮ ದೇಶದಲ್ಲಿ ಕನಿಷ್ಠ 200 ಗಂಟೆ ಸಾಕೆಂಬುದು ನಿಜ. ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ, ಎಂದರೆ ವಿಮಾನದ ಪೂರ್ತಿ ಹೊಣೆ ಹೊತ್ತು, ಹಾರಿರಬೇಕು, 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ ಒಂದು ದೂರಪ್ರಯಾಣ ಮಾಡಿರಬೇಕು, ರಾತ್ರಿಯ ಹಾರಾಟವೂ ಆಗಿರಬೇಕು. ಆದರೆ ಆ ಗಂಟೆಗಳಲ್ಲಿ ಹೆಚ್ಚಿನವು ಒಂದೇ ಇಂಜಿನ್ನಿನ ಪುಟ್ಟ ವಿಮಾನದಲ್ಲಿ ಕಳೆಯುತ್ತವೆ. ಏರ್‌ಬಸ್ ಅಥವಾ ಬೋಯಿಂಗ್ ನಡೆಸಲು ಸಿಮ್ಯುಲೇಟರಿನಲ್ಲಿ ಆಯಾ ಮಾದರಿಯ ವಿಮಾನಕ್ಕೆಂದೇ ಇರುವ ಅರ್ಹತೆಯ ತರಬೇತಿ (ಟೈಪ್ ರೇಟಿಂಗ್) ಬೇರೆ ಮಾಡಬೇಕು, ಅದಕ್ಕೆ ಲಕ್ಷಗಳ ಲೆಕ್ಕದಲ್ಲಿ ಹಣ ಬೇರೆ ಹೊಂದಿಸಬೇಕು ಎಂಬುದನ್ನು ನಾವಾಗಿ ಕೇಳುವವರೆಗೆ ಯಾರೂ ಹೇಳಲಿಲ್ಲ. ಕರಪತ್ರದ ‘ಸಿಮ್ಯುಲೇಟರ್ ಅಭ್ಯಾಸ’ ಎಂದರೆ ಒಂದು ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್. ಅದರ ಒಂದು ನಿಮಿಷವೂ ಹಾರಾಟದ ಗಂಟೆಗಳನ್ನು ಬರೆದಿಡುವ ಲಾಗ್ ಬುಕ್ಕಿಗೆ ಸೇರುವುದಿಲ್ಲ. ನೆಲ ಬಿಟ್ಟು ಏಳದ ಮಕ್ಕಳಿಗೆ ಭುಜಪಟ್ಟಿಯಿರುವ ಬಿಳಿ ಅಂಗಿ ಹೊಲಿಸಿಕೊಟ್ಟದ್ದಕ್ಕೂ ಹಣ ತೆಗೆದುಕೊಂಡರು. (ಮಗಳು ಅದನ್ನು ಹಾಕಿಕೊಂಡದ್ದು ಒಮ್ಮೆ, ಅಜ್ಜಿಗೆ ತೋರಿಸಲು.)

ಅಮೆರಿಕದಲ್ಲಿ ಸಹಚಾಲಕರಿಗೂ 1500 ಗಂಟೆ ಕೇಳುತ್ತಾರಲ್ಲ ಎಂದಾಗ, ‘ಅದಕ್ಕೇ ಸಾರ್, ಇಲ್ಲಿ ಬೇಗ ಸೀಟು ಸಿಗುವುದು’ ಎಂದು ಸಲಹೆಗಾರರು ನಕ್ಕರು. ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ತರಗತಿಯಲ್ಲಿ. ನಾನು ಕೇಳಿಕೊಂಡ ಮೇಲೆ ಆ ಹಿರಿಯರು ಒಂದು ಭಾನುವಾರ ಪಾಲಕರನ್ನೂ ಕೂರಿಸಿಕೊಂಡು ಎರಡು ಅಪಘಾತಗಳನ್ನು ಬಿಡಿಸಿ ಹೇಳಿದರು. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ನಗರದ ಬಳಿ ಕೋಲ್ಗನ್ ಏರ್ ಕಂಪನಿಯ ವಿಮಾನ ಬಿದ್ದು 50 ಮಂದಿ ಸತ್ತ ಮೇಲೆ ಅಲ್ಲಿ 1500 ಗಂಟೆಯ ಕಾನೂನು ಬಂತು, 2013ರಲ್ಲಿ ಜಾರಿಯಾಯಿತು. ಆದರೆ ಆ ವಿಮಾನದ ಇಬ್ಬರು ಚಾಲಕರೂ 1500 ಗಂಟೆ ದಾಟಿದವರೇ ಆಗಿದ್ದರು. ವಿಮಾನ ಸ್ಟಾಲ್ ಆಗುವ, ಎಂದರೆ ರೆಕ್ಕೆಗಳು ಅದನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುವ ಹೊತ್ತಿಗೆ ಮುಂದೆ ಒತ್ತಬೇಕಾದ ಹಿಡಿಯನ್ನು ಕ್ಯಾಪ್ಟನ್ ಹಿಂದಕ್ಕೆ ಎಳೆದಿದ್ದರು.

ಎರಡನೆಯದು ನಮ್ಮದೇ ಬಜಪೆಯ ಬೆಟ್ಟದ ಮೇಲಿನದು, 2010ರ ಮೇ 22ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇಳಿಯುವಾಗ ಆದದ್ದು. 158 ಜನರನ್ನು ಕಳೆದುಕೊಂಡ ಆ ಬೆಳಗನ್ನು ಬಜಪೆ, ಕೆಂಜಾರಿನವರಿಗೆ ಯಾರೂ ನೆನಪಿಸಬೇಕಾಗಿಲ್ಲ. ಕ್ಯಾಪ್ಟನ್ನರ ಅನುಭವ ಹತ್ತು ಸಾವಿರ ಗಂಟೆಗೂ ಹೆಚ್ಚು. ಇಳಿಯುವ ದಾರಿ ತಪ್ಪಿದೆ, ಮತ್ತೆ ಮೇಲೇರೋಣ ಎಂದು ಅವರಿಗಿಂತ ಕಿರಿಯ ಸಹಚಾಲಕರು ಮೂರು ಬಾರಿ ಹೇಳಿದ್ದರೆಂದು ತನಿಖಾ ವರದಿಯಲ್ಲಿದೆ. ‘ಗೋ ಅರೌಂಡ್ ಎಂದು ಹೇಳುವುದಕ್ಕೂ, ಹೇಳಿದಾಗ ಕೇಳುವುದಕ್ಕೂ ಎಷ್ಟು ಗಂಟೆ ಬೇಕು?’ ಎಂದು ಆ ಹಿರಿಯರು ಮಕ್ಕಳನ್ನು ಕೇಳಿದರು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಕನಿಷ್ಠ ಗಂಟೆ ಎಷ್ಟಿರಬೇಕೆಂಬ ವಾದದಲ್ಲಿ ನಾನು ಈಗಲೂ ಯಾವ ಪಕ್ಷವನ್ನೂ ಹಿಡಿದಿಲ್ಲ. ಆ ಗಂಟೆಗಳಲ್ಲಿ ಏನು ಕಲಿಸುತ್ತಾರೆಂದು ಹಾರಾಟದ ಶಾಲೆಯನ್ನು ಆರಿಸುವಾಗ ಕೇಳಬೇಕೆಂಬುದಂತೂ ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಆ ಭಾನುವಾರದ ಪಾಠ ಕರಪತ್ರದಲ್ಲಿರಲಿಲ್ಲ, ಅದಕ್ಕೆ ಶುಲ್ಕವೂ ಇರಲಿಲ್ಲ. ಮಗಳಿಗೆ ಇನ್ನು ಟೆಕ್ನಿಕಲ್ ವಿಷಯದ ಪರೀಕ್ಷೆಯೊಂದು ಬಾಕಿಯಿದೆ. ಆ ಒಂದು ವಿಷಯಕ್ಕೆ ಮಾತ್ರ ಹಣ ಕಟ್ಟಿ ಅದೇ ಕೇಂದ್ರಕ್ಕೆ ಮತ್ತೆ ಸೇರಿಸಿದ್ದೇನೆ.