ಆರು ಸ್ಕ್ರೂ ಇದ್ದ ಮಾತ್ರಕ್ಕೆ ಬ್ರಿಡ್ಜ್ ಕೂರುವುದಿಲ್ಲ

ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್‌ಗೆ ಹೊಸ ಟ್ರೆಮೊಲೊ ಬ್ರಿಡ್ಜ್, ಅಂದರೆ ತಂತಿಗಳನ್ನು ಹಿಡಿದಿಡುವ, ಹಿಡಿಯಿಂದ ಅಲುಗಾಡಿಸಿ ಸ್ವರ ಏರಿಳಿಸಬಹುದಾದ ಭಾಗ, ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮೊದಲು ಇದನ್ನು ಓದಿ. ನಾನು ಅಳತೆ ನೋಡದೆ ತರಿಸಿಕೊಂಡೆ, ಗಿಟಾರ್‌ನ ಮರವನ್ನೇ ಹಾಳು ಮಾಡಿಕೊಂಡೆ.

ನನ್ನ ಹಳೆ ಬ್ರಿಡ್ಜ್‌ನ ಕೆಳಗಿದ್ದ ಲೋಹದ ಬ್ಲಾಕ್ ತೀರಾ ತೆಳ್ಳಗಿತ್ತು. ದಪ್ಪ ಸ್ಟೀಲ್ ಬ್ಲಾಕ್ ಇದ್ದರೆ ಸ್ವರ ಜಾಸ್ತಿ ಹೊತ್ತು ನಿಲ್ಲುತ್ತದೆ ಅನ್ನಿಸಿ ಇಡೀ ಬ್ರಿಡ್ಜನ್ನೇ ಬದಲಿಸಲು ಹೊರಟೆ. ಮಾರುವವರನ್ನು ಕೇಳಿದಾಗ, "ಆರು ಸ್ಕ್ರೂ ತಾನೇ? ಎಲ್ಲದಕ್ಕೂ ಕೂರುತ್ತದೆ" ಎಂದರು. ನಂಬಿದೆ.

ಮೊದಲ ಸ್ಕ್ರೂ ಸಲೀಸಾಗಿ ಇಳಿಯಿತು. ಎರಡನೆಯದು ಸ್ವಲ್ಪ ಓರೆಯಾಯಿತು. ಮೂರನೆಯದಕ್ಕೆ ತೂತೇ ಸರಿಯಾಗಿ ಕಾಣಲಿಲ್ಲ. ಆಗ ಅಳೆದೆ. ನನ್ನ ಗಿಟಾರ್‌ನಲ್ಲಿ ಮೊದಲ ಸ್ಕ್ರೂವಿನಿಂದ ಆರನೆಯದಕ್ಕೆ 52.5 ಮಿ.ಮೀ. ಹೊಸ ಬ್ರಿಡ್ಜ್‌ನಲ್ಲಿ 56.4. ಅಂದರೆ ಅಕ್ಕಪಕ್ಕದ ಎರಡು ಸ್ಕ್ರೂಗಳ ನಡುವೆ ಮುಕ್ಕಾಲು ಮಿ.ಮೀ.ಗಿಂತ ತುಸು ಹೆಚ್ಚಿನ ವ್ಯತ್ಯಾಸ, ಅಷ್ಟೇ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಆರನೆಯ ಸ್ಕ್ರೂ ಹೊತ್ತಿಗೆ ಸುಮಾರು 4 ಮಿ.ಮೀ. ತಪ್ಪಿರುತ್ತದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಡ್ರಿಲ್ ತೆಗೆದುಕೊಂಡೆ. ದಯವಿಟ್ಟು ನೀವು ಹೀಗೆ ಮಾಡಬೇಡಿ. ಹೊಸ ತೂತು ಹಳೆ ತೂತಿನ ಅಂಚಿಗೇ ಬರುವುದರಿಂದ ಡ್ರಿಲ್ ಮೊನೆ ಹಳೆಯದರೊಳಕ್ಕೆ ಜಾರುತ್ತದೆ. ಎರಡೂ ಸೇರಿ ಒಂದು ಅಗಲ ಗುಂಡಿಯಾಗುತ್ತದೆ. ಸ್ಕ್ರೂ ಹಿಡಿದಂತೆ ಕಂಡಿತು, ತಂತಿ ಬಿಗಿದ ಮೇಲೆ ಬ್ರಿಡ್ಜ್ ಮುಂದಕ್ಕೆ ಸರಿಯಿತು. ಹತ್ತರ ಸೆಟ್ಟಿನ (ಅತಿ ಸಣ್ಣ ತಂತಿ 0.010 ಇಂಚು ದಪ್ಪ ಇರುವ ಸೆಟ್) ಆರು ತಂತಿಗಳು ಸೇರಿ ಸುಮಾರು 45 ಕೆಜಿಯಷ್ಟು ಎಳೆಯುತ್ತವೆ. ಹಿಂಬದಿಯಲ್ಲಿ ಬ್ಲಾಕ್‌ಗೆ ಸಿಕ್ಕಿಸಿರುವ ಸ್ಪ್ರಿಂಗ್‌ಗಳು ಎಳೆಯುವುದೂ ನೆಕ್ (ಗಿಟಾರ್‌ನ ಕತ್ತು) ಕಡೆಗೇ. ಎರಡೂ ಭಾರ ಬೀಳುವುದು ಆ ಸಣ್ಣ ಸ್ಕ್ರೂಗಳ ಮೇಲೆ.

ಇನ್ನೂ ಬೇಜಾರಿನ ವಿಷಯ ಅಂದರೆ, ತೂತು ಸರಿಯಾಗಿದ್ದರೂ ಈ ಬ್ರಿಡ್ಜ್ ನನಗೆ ಆಗುತ್ತಿರಲಿಲ್ಲ. ಹಳೆಯದರಲ್ಲಿ ಮೊದಲ ತಂತಿಯಿಂದ ಆರನೆಯ ತಂತಿಗೆ 52 ಮಿ.ಮೀ. ಇತ್ತು, ಇದರಲ್ಲಿ 56. ನನ್ನ ನೆಕ್‌ಗೆ ಅದು ಜಾಸ್ತಿಯಾಯಿತು. ಮೇಲಿನ ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳು) ಸಣ್ಣ ತಂತಿ ಬೋರ್ಡಿನ ಅಂಚಿಗೆ ಬಂದು, ಬೆರಳು ಅಲುಗಾಡಿಸಿದರೆ ಕೆಳಗೆ ಜಾರುತ್ತಿತ್ತು. ಬ್ಲಾಕ್ ಕೂಡ ಉದ್ದ. ಸ್ಟ್ರಾಟ್ ಬಾಡಿ ಸಾಮಾನ್ಯವಾಗಿ 45 ಮಿ.ಮೀ. ದಪ್ಪ ಇರುತ್ತದೆ, ನನ್ನದು 40. ಬ್ಲಾಕ್‌ನ ತುದಿ ಹಿಂದೆ ಹೊರಗೆ ಬಂದು ಮುಚ್ಚಳ ಹಾಕಲಾಗಲಿಲ್ಲ.

ಹಾಗಾಗಿ ಹಳೆಯದನ್ನು ಬಿಚ್ಚಿ ವರ್ನಿಯರ್ ಕ್ಯಾಲಿಪರ್‌ನಲ್ಲಿ ಮೂರು ಅಳತೆ ತೆಗೆದುಕೊಳ್ಳಿ: ಎರಡೂ ತುದಿಯ (ಮೊದಲ ಮತ್ತು ಆರನೆಯ) ಸ್ಕ್ರೂಗಳ ಮಧ್ಯದಿಂದ ಮಧ್ಯಕ್ಕೆ, ಹೊರಗಿನ ಎರಡು ತಂತಿಗಳ ನಡುವೆ, ಬ್ಲಾಕ್‌ನ ಉದ್ದ. ಟೇಪಿನಲ್ಲಿ ಅಳೆದರೆ ಅಷ್ಟು ನಿಖರವಾಗಿ ಸಿಗುವುದಿಲ್ಲ. ಆರು ಸ್ಕ್ರೂ ಬದಲು ಎರಡು ಕಂಬದ ಮೇಲೆ ನಿಲ್ಲುವ ಬ್ರಿಡ್ಜ್ ಆದರೆ ಕಂಬಗಳ ಅಂತರ ನೋಡಿ, 56 ಮತ್ತು 74 ಮಿ.ಮೀ. ಎರಡೂ ಇವೆ. ಮಾರುವವರು ಅಂಕಿ ಹೇಳದಿದ್ದರೆ ಕೊಳ್ಳಬೇಡಿ.

ನಾನು ಹಾಳಾದ ತೂತುಗಳಿಗೆ ಗಟ್ಟಿ ಮರದ ಗೂಟಗಳನ್ನು ಅಂಟು ಹಚ್ಚಿ ಬಡಿದು, ಒಂದು ದಿನ ಒಣಗಲು ಬಿಟ್ಟು, ಹಳೆ ಅಳತೆಗೇ ಹೊಸ ತೂತು ಕೊರೆದು ಹಳೆ ಬ್ರಿಡ್ಜನ್ನೇ ಕೂರಿಸಿದ್ದೇನೆ. ನನ್ನ ಅಳತೆಗೆ ಸ್ಟೀಲ್ ಬ್ಲಾಕ್ ಬಿಡಿಯಾಗಿಯೇ ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಸದ್ಯಕ್ಕೆ ಶ್ರುತಿ ನಿಲ್ಲುತ್ತಿದೆ. ಟ್ರೆಮೊಲೊ ಹಿಡಿಯನ್ನು ಮಾತ್ರ ಇನ್ನೂ ಹಾಕಿಲ್ಲ.